ಟೇಲ್ ಲೈಟ್ ಒಳಗೆ ನೀರು: ಬರೀ ಮಂಜೋ, ನಿಜವಾದ ಸೋರಿಕೆಯೋ?

ಘಟ್ಟದ_ಕೆಳಗೆ:
ಎಲ್ಲರಿಗೂ ನಮಸ್ಕಾರ. ಹ್ಯಾಚ್‌ಬ್ಯಾಕ್ ಕಾರು, ಟೇಲ್ ಲೈಟ್ ಬಲ್ಬಿನದು, ಎಲ್‌ಇಡಿ ಅಲ್ಲ. ಮಳೆ ಹಿಡಿದ ಮೇಲೆ ಬಲಗಡೆಯ ಲೆನ್ಸಿನ ಒಳಗೆಲ್ಲ ಹನಿ ಕಟ್ಟಿದೆ, ತಳದಲ್ಲಿ ಒಂದು ಬೆರಳಿನಷ್ಟು ನೀರು ನಿಂತಿದೆ. ಎಡಗಡೆಯದು ಬೆಳಿಗ್ಗೆ ತೆಳುವಾಗಿ ಮಂಜಾಗುತ್ತೆ, ಬಿಸಿಲು ಬಿದ್ದ ಮೇಲೆ ತಾನೇ ಹೋಗುತ್ತೆ. ಇನ್ನೊಂದು ತೊಂದರೆ: ಬ್ರೇಕ್ ತುಳಿದರೆ ಬಲಗಡೆ ಇಂಡಿಕೇಟರ್ ಕೂಡ ಮಂಕಾಗಿ ಹೊತ್ತಿಕೊಳ್ಳುತ್ತೆ. ವಿಡಿಯೋಗಳಲ್ಲಿ ಓವನ್‌ನಲ್ಲಿಟ್ಟು ಲೆನ್ಸ್ ಬಿಚ್ಚುವುದನ್ನು ತೋರಿಸ್ತಾರೆ. ಗ್ಯಾರೇಜಿನಲ್ಲಿ ಕೇಳಿದರೆ ತಳಕ್ಕೆ ಒಂದು ತೂತು ಹೊಡೆದುಬಿಡೋಣ ಅಂತಾರೆ. ಯಾವುದು ಸರಿ?

ದೀಪದ_ಕೆಲಸ:
ಸದ್ಯಕ್ಕೆ ಎರಡೂ ಬೇಡ ಸರ್. ನಿಮ್ಮ ಎಡಗಡೆ ಮತ್ತು ಬಲಗಡೆ ಎರಡು ಬೇರೆ ಬೇರೆ ವಿಷಯ.

ಟೇಲ್ ಲೈಟ್ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಹಿಂಬದಿಯಲ್ಲಿ ಗಾಳಿಯಾಡಲು ಬ್ರೀದರ್ ಇರುತ್ತೆ. ಸಣ್ಣ ರಬ್ಬರ್ ಕೊಳವೆ, ಇಲ್ಲವೇ ಒಳಗೆ ಸ್ಪಾಂಜ್ ಇರುವ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ಬಿಳಿ ಬಿಲ್ಲೆಯಂಥ ಪೊರೆ. ಮಳೆಗಾಲದಲ್ಲಿ 30 ಡಿಗ್ರಿಯ ಗಾಳಿ, 80 ಶೇಕಡಾ ತೇವ ಅಂದರೆ ಲೆನ್ಸ್ 26 ಡಿಗ್ರಿಗೆ ಇಳಿದರೂ ಸಾಕು, ಒಳಗೆ ಮಂಜು ಕಟ್ಟುತ್ತೆ. ರಾತ್ರಿ ಕಾರು ಹೊರಗೆ ನಿಂತಿದ್ದರೆ ಇದು ಆಗೇ ಆಗುತ್ತೆ. ಹಗಲಲ್ಲಿ ಬ್ರೀದರ್ ಮೂಲಕ ಹೋಗುತ್ತೆ. ಎಡಗಡೆಯದಕ್ಕೆ ಕೈ ಹಾಕಬೇಡಿ, ಅದು ಆರೋಗ್ಯವಾಗಿದೆ.

ಬಲಗಡೆಯದಕ್ಕೆ ಒಂದು ಲೆಕ್ಕ ನೋಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿದಿಡುತ್ತೆ. ಟೇಲ್ ಲೈಟ್ ಒಳಗಿನ ಜಾಗ 3 ಲೀಟರ್ ಅಂದುಕೊಂಡರೂ ಅದರಲ್ಲಿರುವ ನೀರು 0.09 ಗ್ರಾಂ, ಅಂದರೆ ಎರಡು ಹನಿಯೂ ಅಲ್ಲ. ತಳದಲ್ಲಿ ಬೆರಳಿನಷ್ಟು ನಿಂತಿದೆ ಅಂದರೆ ಅದು ಗಾಳಿಯ ತೇವವಲ್ಲ, ಎಲ್ಲಿಂದಲೋ ನೀರೇ ನೇರವಾಗಿ ಒಳಗೆ ಬಂದಿದೆ. ಒಣಗಿಸಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ತುಂಬುತ್ತೆ. ಬಂದ ದಾರಿ ಹುಡುಕಲೇಬೇಕು.

ಶರಾವತಿ_ತೀರ:
ಒಂದು ಅನುಮಾನ. ದಿನಾ ಸ್ವಲ್ಪ ಸ್ವಲ್ಪ ತೇವ ಒಳಗೆ ಹೋಗಿ ಕೂಡಿಕೊಂಡು ನೀರಾಗಲ್ವಾ?

ದೀಪದ_ಕೆಲಸ:
ಬ್ರೀದರ್ ತೆರೆದಿದ್ದರೆ ಆಗಲ್ಲ, ರಾತ್ರಿ ಬಂದದ್ದು ಹಗಲು ಹೋಗುತ್ತೆ. ಬ್ರೀದರ್ ಕಟ್ಟಿಕೊಂಡರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಬಲ್ಬ್ ಉರಿದು ಒಳಗಿನ ಗಾಳಿ 25ರಿಂದ 60 ಡಿಗ್ರಿಗೆ ಏರಿದರೆ ಶೇಕಡಾ 12ರಷ್ಟು ಹಿಗ್ಗುತ್ತೆ. 3 ಲೀಟರಿಗೆ ಅದು ಸುಮಾರು 350 ಮಿ.ಲೀ. ಲೈಟ್ ಆರಿಸಿದಾಗ, ಅಥವಾ ಬಿಸಿಯಾದ ಲೆನ್ಸಿಗೆ ಮಳೆ ಹೊಡೆದಾಗ, ಅಷ್ಟು ಗಾಳಿ ವಾಪಸ್ ಒಳಗೆ ಬರಬೇಕು. ಬ್ರೀದರ್ ಮುಚ್ಚಿದ್ದರೆ ಎಲ್ಲಿ ಕೂದಲೆಳೆಯಷ್ಟು ಬಿರುಕಿದೆಯೋ ಅಲ್ಲಿಂದ ಎಳೆದುಕೊಳ್ಳುತ್ತೆ, ಆ ಬಿರುಕಿನ ಮೇಲೆ ಮಳೆನೀರು ಇದ್ದರೆ ನೀರನ್ನೇ ಎಳೆಯುತ್ತೆ. ಸುಮ್ಮನೆ ನೀರು ಸುರಿದು ನೋಡಿದರೆ ಸೋರದ ಲೈಟು ರಸ್ತೆಯಲ್ಲಿ ಸೋರುವುದು ಇದೇ ಕಾರಣಕ್ಕೆ.

ಆದ್ದರಿಂದ ಬಿಚ್ಚಿದ ಕೂಡಲೇ ಮೊದಲು ನೋಡಬೇಕಾದ್ದು ಬ್ರೀದರ್. ಧೂಳು, ಜೇಡರ ಬಲೆ, ಮಣ್ಣಿನ ಗೂಡು ಕಟ್ಟುವ ಕಣಜದ ಮಣ್ಣು, ಹಿಂದೆ ಯಾರೋ ಬಳಿದ ಸಿಲಿಕೋನ್, ಇವೇ ಹೆಚ್ಚು. ಕೊಳವೆ ಮಾದರಿಯನ್ನು ಬಿಡಿಸಿ ತೊಳೆದು ಒಣಗಿಸಿ ಹಾಕಿ, ಬಾಯಿ ಕೆಳಮುಖವಾಗಿ ಇರಬೇಕು. ಪೊರೆ ಮಾದರಿಗೆ ಸೋಪು, ಎಣ್ಣೆ, ಡಬ್ಲ್ಯೂಡಿ-40 ಯಾವುದೂ ತಾಗಬಾರದು. ನೀರನ್ನು ತಡೆಯುವ ಅದರ ಗುಣವೇ ಹೊರಟುಹೋಗುತ್ತೆ.

ಪ್ಲಾಸ್ಟಿಕ್_ಮೇಷ್ಟ್ರು:
ಓವನ್ ವಿಚಾರಕ್ಕೆ ಬರ್ತೀನಿ, ಯಾಕೆಂದರೆ ಇದರಿಂದ ತುಂಬಾ ಲೈಟುಗಳು ಹಾಳಾಗ್ತಿವೆ.

ಆ ವಿಡಿಯೋಗಳು ಹೆಡ್‌ಲೈಟಿನವು. ಹೆಡ್‌ಲೈಟಿನ ಲೆನ್ಸ್ ಪಾಲಿಕಾರ್ಬೊನೇಟ್, ಹೌಸಿಂಗ್ (ಲೆನ್ಸ್ ಕೂರುವ ಹಿಂಬದಿಯ ಡಬ್ಬಿ) ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಹಲವು ಮಾದರಿಗಳಲ್ಲಿ ಎರಡನ್ನೂ ಬ್ಯುಟೈಲ್ ಅಂಟಿನಿಂದ ಕೂರಿಸಿರ್ತಾರೆ. ಬಿಸಿಗೆ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ, ಪ್ಲಾಸ್ಟಿಕ್ ತಡೆದುಕೊಳ್ಳುತ್ತೆ. ಟೇಲ್ ಲೈಟಿನ ಲೆನ್ಸ್ ಹೆಚ್ಚಾಗಿ ಅಕ್ರಿಲಿಕ್, ಹೌಸಿಂಗ್ ಎಬಿಎಸ್ ಅನ್ನೋ ಪ್ಲಾಸ್ಟಿಕ್ ಜಾತಿಯದು. ಇಲ್ಲಿ ಸಾಮಾನ್ಯವಾಗಿ ಅಂಟು ಇರುವುದಿಲ್ಲ. ಎರಡು ಪ್ಲಾಸ್ಟಿಕ್ಕನ್ನೂ ಕರಗಿಸಿ ಬೆಸೆದಿರ್ತಾರೆ. ಅಕ್ರಿಲಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತೆ, ಎಬಿಎಸ್ ಕೂಡ ಅದರ ಆಸುಪಾಸಿನಲ್ಲೇ. ಬೆಸುಗೆ ಬಿಡುವಷ್ಟು ಬಿಸಿ ಮಾಡುವ ಹೊತ್ತಿಗೆ ಲೈಟೇ ಸೊಟ್ಟಗಾಗಿರುತ್ತೆ. ಟೇಲ್ ಲೈಟನ್ನು ಬಿಸಿ ಮಾಡಿ ಬಿಚ್ಚುವ ಯೋಚನೆ ಬಿಟ್ಟುಬಿಡಿ.

ಎರಡನೆಯದು, ಒಳಗೆ ಸ್ಪಿರಿಟ್ ಹಾಕಿ ಕುಲುಕಿ ಒಣಗಿಸಿ ಅಂತ ಕೆಲವರು ಕೊಡೋ ಸಲಹೆ. ಅಕ್ರಿಲಿಕ್‌ಗೆ ಆಲ್ಕೋಹಾಲ್ ಆಗಿಬರುವುದಿಲ್ಲ. ಅಚ್ಚು ಹೊಯ್ಯುವಾಗ, ಬೆಸೆಯುವಾಗ ಲೆನ್ಸಿನೊಳಗೆ ಉಳಿದುಕೊಂಡ ಬಿಗಿತ ಇರುತ್ತೆ. ಐಸೊಪ್ರೊಪೈಲ್ ಆಗಲಿ ಸರ್ಜಿಕಲ್ ಸ್ಪಿರಿಟ್ ಆಗಲಿ ತಾಗಿದರೆ ಆ ಜಾಗದಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಏಳುತ್ತವೆ. ಅದನ್ನು ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ. ಥಿನ್ನರ್, ಅಸಿಟೋನ್, ಪೆಟ್ರೋಲ್ ಇನ್ನೂ ಕೆಟ್ಟವು. ಅಸಿಟೋನ್ ಅಂತೂ ಲೆನ್ಸ್, ಹೌಸಿಂಗ್ ಎರಡನ್ನೂ ಕರಗಿಸುತ್ತೆ.

ಒಳಗೆ ಕೆಸರು ಕಲೆ ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಬಲ್ಬಿನ ತೂತಿನಿಂದ ಹಾಕಿ, ಮೆಲ್ಲಗೆ ಅಲ್ಲಾಡಿಸಿ, ಚೆಲ್ಲಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆಯಿರಿ. ಪೊರೆ ಬ್ರೀದರ್ ಇದ್ದರೆ ಆ ಭಾಗ ಮೇಲೆ ಬರುವಂತೆ ಹಿಡಿದು ಕೆಲಸ ಮಾಡಿ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣದ ಕಲೆ ಉಳಿಯುತ್ತೆ. ಹೊಳೆಯುವ ರಿಫ್ಲೆಕ್ಟರ್ ಮೇಲೆ ಬಟ್ಟೆ, ಬ್ರಷ್ ಆಡಿಸಬೇಡಿ. ಅದು ತುಂಬ ತೆಳುವಾದ ಅಲ್ಯೂಮಿನಿಯಂ ಲೇಪ, ಉಜ್ಜಿದರೆ ಎದ್ದುಬರುತ್ತೆ.

ಘಟ್ಟದ_ಕೆಳಗೆ:
ಒಳ್ಳೆಯದಾಯ್ತು, ಓವನ್ ಬಿಟ್ಟೆ. ಹಾಗಾದರೆ ಸೋರುವ ಜಾಗ ಕಂಡುಹಿಡಿಯೋದು ಹೇಗೆ? ಹೊರಗಿಂದ ನೋಡಿದರೆ ಲೆನ್ಸಿನಲ್ಲಿ ಬಿರುಕೇನೂ ಕಾಣ್ತಿಲ್ಲ.

ಕರಾವಳಿ_ಗ್ಯಾರೇಜ್:
ಬಿಚ್ಚುವುದರಿಂದಲೇ ಶುರು ಮಾಡ್ತೇನೆ, ಎಷ್ಟೋ ಲೈಟು ಒಡೆಯುವುದು ಅಲ್ಲೇ.

ಡಿಕ್ಕಿ ತೆರೆದರೆ ಎರಡು ಸ್ಕ್ರೂ, ಅಥವಾ ಒಳಗಿನ ಟ್ರಿಮ್ ಹಿಂದೆ ಎರಡು ಮೂರು ನಟ್ಟು. ನಟ್ಟಾದರೆ ಹೆಚ್ಚಾಗಿ 8 ಅಥವಾ 10 ಮಿ.ಮೀ. ಸಾಕೆಟ್. ನಟ್ಟು ತೆಗೆದ ಮೇಲೂ ಹೊರ ಅಂಚಿನಲ್ಲಿ ಪ್ಲಾಸ್ಟಿಕ್ ಗೂಟ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿರುತ್ತದೆ. ಲೈಟನ್ನು ಪಕ್ಕಕ್ಕೆ ತಿರುಚಬೇಡಿ, ಸೀದಾ ಹಿಂದಕ್ಕೆ ಎಳೆಯಿರಿ. ತಿರುಚಿದರೆ ಗೂಟದ ಬುಡದಲ್ಲಿ ಹೌಸಿಂಗ್ ಸೀಳುತ್ತದೆ. ಆಮೇಲೆ ಅಲ್ಲಿಂದಲೇ ನೀರು.

ಕನೆಕ್ಟರ್ ಬಿಡಿಸಿ, ಬಲ್ಬ್ ಹೋಲ್ಡರ್ ಎಲ್ಲ ತಿರುಗಿಸಿ ತೆಗೆಯಿರಿ. ತೆಗೆಯುವಾಗಲೇ ಗಮನಿಸಿ: ಹೋಲ್ಡರ್ ಪೂರ್ತಿ ಲಾಕ್ ಆಗಿತ್ತಾ, ಅದರ ಸುತ್ತಲಿನ ರಬ್ಬರ್ ವಾಷರ್ ಇದೆಯಾ, ಗಟ್ಟಿಯಾಗಿ ಚಪ್ಪಟೆಯಾಗಿದೆಯಾ? ಬಲ್ಬ್ ಬದಲಿಸಿದವರು ಹೋಲ್ಡರನ್ನು ಅರ್ಧ ತಿರುಗಿಸಿ ಬಿಟ್ಟಿರುವುದು ಬಹಳ ಸಾಮಾನ್ಯ. ಅದೊಂದೇ ಕಾರಣವಾಗಿದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

ಹೋಲ್ಡರ್ ಸರಿ ಇದ್ದರೆ ಈ ಎರಡು ಪರೀಕ್ಷೆ ಮಾಡಿ.

ಒಂದು, ಒಳಗಿಂದ ಹೊರಕ್ಕೆ. ಹೊರಭಾಗ ಪೂರ್ತಿ ಒರೆಸಿ ಒಣಗಿಸಿ. ಬಲ್ಬಿನ ತೂತಿನಿಂದ ಒಂದು ಲೋಟ ನೀರು ಹಾಕಿ, ಅಂದಾಜು 200 ಮಿ.ಲೀ. ಕೆಳಗೆ ಹಳೆ ಪೇಪರ್ ಹಾಸಿ ಲೈಟನ್ನು ಒಂದೊಂದು ಅಂಚು ಕೆಳಗೆ ಬರುವಂತೆ ಎರಡೆರಡು ನಿಮಿಷ ಹಿಡಿಯಿರಿ. ಪೇಪರಿನಲ್ಲಿ ಕಲೆ ಬಿದ್ದ ಕಡೆ ಗುರುತು ಮಾಡಿಕೊಳ್ಳಿ. ತೂತುಗಳು ಮೇಲಿರುವ ಹಾಗೆ ನೋಡಿಕೊಂಡರೆ ಸಾಕು.

ಇನ್ನೊಂದು, ಗಾಳಿ. ನೀರಿನಲ್ಲಿ ಸಿಗದ ಸಣ್ಣ ಬಿರುಕು ಇದರಲ್ಲಿ ಸಿಗುತ್ತದೆ. ಬ್ರೀದರ್ ಮತ್ತು ಬೇರೆ ತೂತುಗಳಿಗೆ ಟೇಪ್ ಅಂಟಿಸಿ, ಒಂದು ತೂತಿಗೆ ಸಣ್ಣ ಹೋಸ್ ಸೇರಿಸಿ ಸುತ್ತ ಟೇಪ್ ಸುತ್ತಿ. ಬೆಸುಗೆಯ ಗೆರೆಯುದ್ದಕ್ಕೂ ಸೋಪಿನ ನೊರೆ ಹಚ್ಚಿ ಬಾಯಿಂದ ಊದಿ. ಗುಳ್ಳೆ ಏಳುವ ಜಾಗವೇ ಸೋರುವ ಜಾಗ. ಕಂಪ್ರೆಸರ್ ಗಾಳಿ ಖಂಡಿತ ಹಾಕಬೇಡಿ, ಸರಿಯಿದ್ದ ಬೆಸುಗೆಯೂ ಬಿಡುತ್ತದೆ.

ಹೆಚ್ಚಾಗಿ ಸಿಗುವ ಜಾಗಗಳು: ಲೆನ್ಸ್ ಮತ್ತು ಹೌಸಿಂಗ್ ಸೇರುವ ಗೆರೆಯ ಮೇಲಿನ ಮೂಲೆ, ಬೋಲ್ಟು ಕೂರುವ ದಿಣ್ಣೆಯ ಬುಡ, ಬಂಪರಿಗೆ ಪೆಟ್ಟು ಬಿದ್ದಿದ್ದರೆ ಬಂಪರ್ ಕಡೆಯ ಅಂಚು. ತಳದಲ್ಲಿ ನೀರಿದೆ ಎಂದು ತಳದಲ್ಲೇ ಹುಡುಕುತ್ತಾ ಕೂರಬೇಡಿ. ನೀರು ಮೇಲಿಂದ ಬಂದು ಕೆಳಗೆ ನಿಂತಿರುತ್ತದೆ. ತಳ ಸೋರುತ್ತಿದ್ದರೆ ಅಷ್ಟು ನೀರು ನಿಲ್ಲುತ್ತಲೇ ಇರಲಿಲ್ಲ.

ಮಲೆನಾಡ_ದಾರಿ:
ಗ್ಯಾರೇಜಿನವರು ಹೇಳೋ ತೂತಿನ ಉಪಾಯವನ್ನು ಪೂರ್ತಿ ತಳ್ಳಿಹಾಕಬೇಡಿ. ಹದಿನೈದು ವರ್ಷದ ಹಳೇ ಗಾಡಿ, ಬೆಸುಗೆ ನಾಲ್ಕು ಕಡೆ ಬಿಟ್ಟಿದೆ, ಹೊಸ ಲೈಟು ಸಿಗಲ್ಲ ಅನ್ನುವಾಗ ತಳಕ್ಕೆ ಎರಡು ತೂತು ಹಾಕಿದರೆ ನೀರಂತೂ ನಿಲ್ಲಲ್ಲ. ಆಗುಂಬೆ ಕಡೆಯ ಮಳೆಗೆ ಯಾವ ಸಿಲಿಕೋನೂ ನೂರಕ್ಕೆ ನೂರು ತಡೆಯುತ್ತೆ ಅನ್ನೋಕಾಗಲ್ಲ.

ದೀಪದ_ಕೆಲಸ:
ಹಳೇ ಗಾಡಿಗೆ ಒಪ್ಪುತ್ತೇನೆ, ಆದರೆ ಈ ಪ್ರಶ್ನೆಗೆ ಅದು ಉತ್ತರ ಅಲ್ಲ. 2 ಮಿ.ಮೀ. ತೂತು ಹಾಕಿದರೆ ನೀರು ಇಳಿಯುವುದೇ ಇಲ್ಲ, ಬಾಯಿಗೆ ಪೊರೆಯ ಹಾಗೆ ಅಂಟಿಕೊಂಡು ನಿಲ್ಲುತ್ತೆ. ಇಳಿಯಬೇಕಾದರೆ 4-5 ಮಿ.ಮೀ. ಬೇಕು. ಅಷ್ಟು ದೊಡ್ಡ ತೂತಿನಿಂದ ಚಕ್ರ ಎರಚುವ ಕೆಸರು, ಬೇಸಿಗೆಯಲ್ಲಿ ಕೆಂಪು ಧೂಳು ಒಳಗೆ ಹೋಗುತ್ತೆ. ಆ ಧೂಳು ತೇವಕ್ಕೆ ಅಂಟಿದರೆ ರಿಫ್ಲೆಕ್ಟರ್ ಕಥೆ ಮುಗಿದಂತೆ. ಡ್ರಿಲ್ ಪುಡಿ ಲೆನ್ಸಿನ ಒಳಮೈಗೆ ಅಂಟಿಕೊಂಡು ಬಿಡುವುದಿಲ್ಲ. ಕಾಯಿಸಿದ ಮೊಳೆಯಲ್ಲಿ ಚುಚ್ಚಿದರೆ ಹೊಗೆ ಒಳಗೆ ಕೂರುತ್ತೆ. ಹೊಸ ಗಾಡಿಯಾದರೆ ವಾರಂಟಿಯೂ ಹೋಯ್ತು. ವಾರಂಟಿ ಇನ್ನೂ ಇರುವವರು ನೀರು ನಿಂತಿರುವುದು ಕಾಣುವಂತೆ ಫೋಟೋ ತೆಗೆದುಕೊಂಡು ಮೊದಲು ಸರ್ವಿಸ್ ಸೆಂಟರಿಗೆ ಹೋಗಿ, ಸಿಲಿಕೋನ್ ಬಳಿದ ಮೇಲೆ ಹೋಗಬೇಡಿ.

ಮಲೆನಾಡ_ದಾರಿ:
ಧೂಳಿನ ಮಾತು ಸರಿ. ಆದರೂ ಹಾಕಲೇಬೇಕಾದವರು ಇಷ್ಟು ಮಾಡಿ: ಲೈಟು ಗಾಡಿಯಲ್ಲಿ ಕೂತಾಗ ಎಲ್ಲಕ್ಕಿಂತ ಕೆಳಗೆ ಬರುವ ಜಾಗವನ್ನು ಮೊದಲೇ ಗುರುತು ಮಾಡಿ. ಲೆನ್ಸಿಗಲ್ಲ, ಹೌಸಿಂಗಿಗೆ ಮಾತ್ರ ತೂತು. ಚಕ್ರದ ಕಡೆಗೆ ಮುಖ ಮಾಡದ ಹಾಗೆ ಇರಲಿ. ಹಾಗೆ ಮಾಡಿದ ಲೈಟು ಓಡುತ್ತೆ.

ಘಟ್ಟದ_ಕೆಳಗೆ:
ಸೋಪಿನ ಪರೀಕ್ಷೆ ಮಾಡಿದೆ. ಮೇಲಿನ ಹೊರ ಮೂಲೆಯಲ್ಲಿ, ಬೆಸುಗೆ ಗೆರೆಯಲ್ಲಿ ಸುಮಾರು 6 ಸೆಂ.ಮೀ. ಉದ್ದಕ್ಕೆ ಗುಳ್ಳೆ ಬರ್ತಿದೆ. ಬ್ರೀದರ್ ಕೊಳವೆಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಈಗ ಫೆವಿಕ್ವಿಕ್ ಸಾಕಾ, ಎಮ್-ಸೀಲ್ ಬೇಕಾ?

ಪ್ಲಾಸ್ಟಿಕ್_ಮೇಷ್ಟ್ರು:
ಎರಡೂ ಬೇಡ. ಫೆವಿಕ್ವಿಕ್ ಜಾತಿಯ ಅಂಟಿನ ಆವಿ ಲೆನ್ಸಿನ ಮೇಲೆ ಬಿಳಿ ಬೂದಿಯಂತೆ ಕೂರುತ್ತೆ. ಅಲ್ಲದೆ ಅದು ಗಟ್ಟಿಯಾಗಿ, ಪೆಡಸಾಗಿ ಒಣಗುತ್ತೆ. ಡಿಕ್ಕಿ ಬಾಗಿಲು ಬಡಿದಾಗಲೆಲ್ಲ ಅಲುಗುವ ಜಾಗದಲ್ಲಿ ನಿಲ್ಲುವುದಿಲ್ಲ. ಎಮ್-ಸೀಲ್ ಹೌಸಿಂಗ್ ಹಿಂಬದಿಯ ಮುರಿದ ದಿಣ್ಣೆಗೆ ಸರಿ, ಅದಕ್ಕೂ ಮೊದಲು 120 ನಂಬರಿನ ಎಮೆರಿ ಪೇಪರಿನಲ್ಲಿ ಉಜ್ಜಿರಬೇಕು.

ನಿಮಗೆ ಬೇಕಾದ್ದು ನ್ಯೂಟ್ರಲ್ ಕ್ಯೂರ್ ಸಿಲಿಕೋನ್. ಟ್ಯೂಬಿನ ಮೇಲೆ ಹಾಗೆ ಬರೆದಿರುತ್ತೆ. ಮೂಸಿದರೆ ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡವೇ ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಹೋಲ್ಡರಿನ ಹಿತ್ತಾಳೆ ಪಟ್ಟಿ, ರಿಫ್ಲೆಕ್ಟರಿನ ಲೇಪ ಎರಡನ್ನೂ ತಿನ್ನುತ್ತೆ. ಇಡೀ ಲೈಟಿನ ಸುತ್ತಳತೆ ಒಂದೂವರೆ ಮೀಟರ್ ಅಂದುಕೊಂಡು 4 ಮಿ.ಮೀ. ದಪ್ಪದ ಗೆರೆ ಎಳೆದರೂ 19 ಮಿ.ಲೀ. ಆಗುತ್ತೆ, ಚಿಕ್ಕ 50 ಮಿ.ಲೀ. ಟ್ಯೂಬ್ ಧಾರಾಳ.

ಕರಾವಳಿ_ಗ್ಯಾರೇಜ್:
ಹಚ್ಚುವ ಮೊದಲು ಒಣಗಿಸುವುದು ಮುಖ್ಯ. ನೀರು ಒಳಗೆ ಉಳಿದಿರುವಾಗ ಬಿರುಕು ಮುಚ್ಚಿದರೆ ದಿನವೂ ಮಂಜು.

ನೀರು ಪೂರ್ತಿ ಬಸಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಪೈಪನ್ನು ಒಂದು ಬಲ್ಬ್ ತೂತಿಗೆ ಹಿಡಿದು ಎಳೆಯಲು ಬಿಡಿ, ಇನ್ನೊಂದು ತೂತು ತೆರೆದಿರಲಿ. ಅರ್ಧ ಗಂಟೆ ಗಾಳಿ ಹರಿದರೆ ಸಾಕಷ್ಟು ಒಣಗುತ್ತದೆ. ಹೇರ್ ಡ್ರೈಯರ್ ಆದರೆ ಕಡಿಮೆ ಬಿಸಿಯಲ್ಲಿಟ್ಟು ಒಂದು ಅಡಿ ದೂರದಿಂದ. ಲೆನ್ಸನ್ನು ಕೈಯಲ್ಲಿ ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ. ಪೇಂಟು ಸುಲಿಯುವ ಹೀಟ್ ಗನ್ ಬೇಡ. ಮೋಡ ಕವಿದ ದಿನವಾದರೆ ಲೈಟನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಹಾಕಿ ಬಾಯಿ ಕಟ್ಟಿ, ರಾತ್ರಿಯಿಡೀ ಇಡಿ.

ಒಣಗಿದೆಯಾ ಎಂದು ತಿಳಿಯಲು: ತೂತುಗಳನ್ನು ಮುಚ್ಚಿ ಲೈಟನ್ನು ಬಿಸಿಲಲ್ಲೋ ಬೆಚ್ಚಗಿನ ಕೋಣೆಯಲ್ಲೋ ಒಂದು ಗಂಟೆ ಇಟ್ಟು, ಲೆನ್ಸಿನ ಮೇಲೆ ತಣ್ಣೀರು ಬಟ್ಟೆ ಹಾಕಿ. ತೆಳು ಮಂಜು ಬಂದರೆ ಅದು ಮಳೆಗಾಲದ ಗಾಳಿ, ಪರವಾಗಿಲ್ಲ. ಹನಿ ಕಟ್ಟಿದರೆ ಮೂಲೆಯಲ್ಲಿ ಎಲ್ಲೋ ನೀರು ಉಳಿದಿದೆ, ಮತ್ತೆ ಒಣಗಿಸಿ.

ಆಮೇಲೆ ಹಚ್ಚುವುದು. ಬಿರುಕಿನ ಗೆರೆಯಲ್ಲಿ ಕೂತ ಕೊಳೆಯನ್ನು ಹಳೆ ಟೂತ್ ಬ್ರಷ್, ಸೋಪು ನೀರಿನಲ್ಲಿ ತೆಗೆದು ಒಣಗಿಸಿ. ಕಪ್ಪು ಹೌಸಿಂಗ್ ಕಡೆಯನ್ನು ಮಾತ್ರ 240 ಎಮೆರಿ ಪೇಪರಿನಲ್ಲಿ ಲಘುವಾಗಿ ಉಜ್ಜಿ. ಗೆರೆಯ ಎರಡೂ ಬದಿಗೆ 3 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್. ನಿಮ್ಮದು 6 ಸೆಂ.ಮೀ. ಬಿಟ್ಟಿದ್ದರೂ ಎರಡೂ ತುದಿಗೆ 3-4 ಸೆಂ.ಮೀ. ಹೆಚ್ಚು ಹಚ್ಚಿ, ಬಿಟ್ಟ ಬೆಸುಗೆ ಮುಂದಕ್ಕೆ ಸಾಗುತ್ತದೆ. ಸಿಲಿಕೋನ್ ಮೇಲೆ ಇಟ್ಟು ಬಿಡುವುದಲ್ಲ, ಒದ್ದೆ ಬೆರಳಿನಿಂದ ಸಂದಿಯೊಳಗೆ ಒತ್ತಬೇಕು. ಮೇಲ್ಮೈ ಕೆನೆ ಕಟ್ಟುವ ಮೊದಲೇ ಟೇಪ್ ಎಳೆಯಿರಿ. ಇದು 24 ಗಂಟೆಗೆ 2-3 ಮಿ.ಮೀ. ಆಳ ಮಾತ್ರ ಗಟ್ಟಿಯಾಗುತ್ತದೆ, ಎರಡು ದಿನ ಬಿಡಿ. ಅಷ್ಟು ಹೊತ್ತು ಬಲ್ಬಿನ ತೂತುಗಳು ತೆರೆದೇ ಇರಲಿ, ಒಣಗುವಾಗ ಬರುವ ಆವಿ ಒಳಗೆ ಸೇರಬಾರದು.

ಇಪ್ಪತ್ತೊಂದು_ವ್ಯಾಟ್:
ಬ್ರೇಕ್ ತುಳಿದರೆ ಇಂಡಿಕೇಟರ್ ಹೊತ್ತಿಕೊಳ್ಳುವುದನ್ನು ಯಾರೂ ಮುಟ್ಟಿಲ್ಲ. ಅದು ಅರ್ತ್ (ಬಲ್ಬಿನಿಂದ ಕರೆಂಟು ಬಾಡಿಗೆ ವಾಪಸ್ ಹೋಗುವ ದಾರಿ) ತೊಂದರೆಯ ಲಕ್ಷಣ ಸರ್. ಎಲ್ಲಾ ಬಲ್ಬಿಗೂ ಒಂದೇ ಅರ್ತ್ ವೈರ್ ಇರುತ್ತೆ. ನೀರು ಬಿದ್ದು ಆ ವೈರಿನ ಪಿನ್ ಹಸಿರು ಕಿಲುಬು ಹಿಡಿದರೆ ಬ್ರೇಕ್ ಬಲ್ಬಿನ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಇಂಡಿಕೇಟರ್ ಬಲ್ಬಿನ ಮೂಲಕ ತಿರುಗಿ ಹೋಗುತ್ತೆ. ಎರಡೂ ಮಂಕಾಗಿ ಉರಿಯುತ್ತವೆ. ಹಿಂದೆ ಬರುವವರಿಗೆ ನೀವು ನಿಲ್ಲಿಸ್ತಿದ್ದೀರೋ ತಿರುಗಿಸ್ತಿದ್ದೀರೋ ಗೊತ್ತಾಗಲ್ಲ. ನೀರಿಗಿಂತ ಮೊದಲು ಸರಿಯಾಗಬೇಕಾದ್ದು ಇದು.

ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಒಂದು ಮೊನೆ ಹೋಲ್ಡರಿನ ಅರ್ತ್ ಪಟ್ಟಿಗೆ, ಇನ್ನೊಂದು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ. ಇನ್ನೊಬ್ಬರು ಬ್ರೇಕ್ ತುಳಿಯಲಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಸಣ್ಣ ಬ್ರಷ್‌ನಿಂದ ಕಿಲುಬು ತೆಗೆಯಿರಿ, ಆದರೆ ಹೋಲ್ಡರನ್ನು ಲೈಟಿನಿಂದ ಹೊರಗೆ ತೆಗೆದು ಮಾಡಿ, ಕ್ಲೀನರ್ ಲೆನ್ಸಿಗೆ ಸಿಡಿಯಬಾರದು. ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ (ಕನೆಕ್ಟರಿಗೆ ತೇವ ತಾಗದಂತೆ ತಡೆಯುವ ಗ್ರೀಸ್) ತೆಳುವಾಗಿ ಹಚ್ಚಿ. ಪಟ್ಟಿ ತಿಂದುಹೋಗಿದ್ದರೆ ಹೋಲ್ಡರ್ ಬದಲಿಸುವುದೇ ಸರಿ.

ಬಲ್ಬನ್ನೂ ನೋಡಿ. ಬ್ರೇಕ್ ಮತ್ತು ಪಾರ್ಕ್ ಎರಡಕ್ಕೂ ಒಂದೇ ಬಲ್ಬ್ ಇದ್ದರೆ ಅದು 21/5 ವ್ಯಾಟ್ ಎರಡು ಫಿಲಮೆಂಟಿನದು, ಪಕ್ಕದ ಎರಡು ಪಿನ್ ಎತ್ತರ ಬೇರೆ ಬೇರೆ ಇರುತ್ತೆ. ಬರೀ 21 ವ್ಯಾಟಿನದಕ್ಕೆ ಎರಡೂ ಪಿನ್ ಒಂದೇ ಎತ್ತರ. ಅದನ್ನು ಇಲ್ಲಿ ಒತ್ತಿ ಕೂರಿಸಿದರೂ ಇಂಥದೇ ಗೊಂದಲ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ.

ಶರಾವತಿ_ತೀರ:
ಸಿಲಿಕಾ ಜೆಲ್ ಪೊಟ್ಟಣವನ್ನು ಲೈಟಿನೊಳಗೇ ಬಿಟ್ಟರೆ ಹೇಗೆ? ಮತ್ತೆ ಎಲ್‌ಇಡಿ ಟೇಲ್ ಲೈಟಿಗೂ ಇದೇ ಕ್ರಮವಾ?

ದೀಪದ_ಕೆಲಸ:
ಒಳಗೆ ಬಿಡಬೇಡಿ. ಬ್ರೀದರಿನಿಂದ ದಿನವೂ ಹೊಸ ಗಾಳಿ ಬರುತ್ತಿರುತ್ತೆ, 5 ಗ್ರಾಂ ಜೆಲ್ ಹೀರುವುದು ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು. ತುಂಬಿದ ಮೇಲೆ ಪ್ರಯೋಜನವಿಲ್ಲ. ಪೊಟ್ಟಣ ಜಾರಿ 21 ವ್ಯಾಟ್ ಬಲ್ಬಿಗೆ ತಾಗಿದರೆ ಸುಡುತ್ತೆ. ಹೊರಗೆ ಚೀಲದಲ್ಲಿ ಬಳಸಿದ ಬಿಡಿ ಹರಳುಗಳನ್ನು ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅಡುಗೆಗೆ ಬಳಸುವ ಓವನ್ ಆದರೆ ಬಣ್ಣ ಬದಲಿಸುವ ನೀಲಿ ಹರಳು ಬೇಡ, ಅದರಲ್ಲಿ ಕೋಬಾಲ್ಟ್ ಉಪ್ಪು ಇರುತ್ತೆ. ಬಿಳಿಯದನ್ನೇ ಕೊಳ್ಳಿ.

ಎಲ್‌ಇಡಿ ಲೈಟು ಬೇರೆ. ಅದು ಲೆನ್ಸನ್ನು ಬಲ್ಬಿನಷ್ಟು ಬಿಸಿ ಮಾಡುವುದಿಲ್ಲ, ಹಾಗಾಗಿ ಮಂಜು ಹೆಚ್ಚು ಹೊತ್ತು ಉಳಿಯುವುದು ಸಹಜ. ಅಷ್ಟಕ್ಕೇ ಗಾಬರಿ ಬೇಡ. ಆದರೆ ನೀರು ನಿಂತರೆ ಬಲ್ಬಿನದಕ್ಕಿಂತ ಅಪಾಯ, ಒಳಗೆ ಸರ್ಕ್ಯೂಟ್ ಬೋರ್ಡ್ ಇದೆ. ಅದಕ್ಕೆ ನೀರು ಹಾಕಿ ತೊಳೆಯುವುದು, ಲೋಟದ ಪರೀಕ್ಷೆ ಯಾವುದೂ ಬೇಡ. ಕನೆಕ್ಟರ್ ಬಿಡಿಸಿ ಬಸಿದು ಒಣಗಿಸಿ. ಗಾಳಿಯ ಪರೀಕ್ಷೆಯನ್ನು ಮಾತ್ರ ಬ್ರೀದರ್ ಮುಚ್ಚಳ ತೆಗೆದು ಅದರ ಜಾಗದಿಂದ ಮಾಡಿ.

ಜೆಸಿ_ರಸ್ತೆ:
ಬದಲಿಸುವುದೇ ಆದರೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಾಗಲಿ ಗುಜರಿಯಲ್ಲಾಗಲಿ ಲೈಟು ಕೈಗೆ ತೆಗೆದುಕೊಂಡಾಗ ಮುಂಭಾಗದ ಹೊಳಪು ನೋಡಿ ಮರುಳಾಗಬೇಡಿ, ತಿರುಗಿಸಿ. ಬ್ರೀದರ್ ಮುಚ್ಚಳ ಇದೆಯಾ, ಬೆಸುಗೆ ಗೆರೆ ಸುತ್ತಲೂ ಒಂದೇ ಸಮ ಇದೆಯಾ, ಫೋಮ್ ಗ್ಯಾಸ್ಕೆಟ್ ಜೊತೆಗೆ ಬಂದಿದೆಯಾ? ಬಳಸಿದ ಲೈಟಾದರೆ ಬೋಲ್ಟಿನ ಬುಡದಲ್ಲಿ ಉಗುರು ಆಡಿಸಿ ನೋಡಿ, ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಗುತ್ತೆ.

ಘಟ್ಟದ_ಕೆಳಗೆ:
ಅರ್ತ್ ಪಿನ್ ಕಿಲುಬು ಹಿಡಿದಿತ್ತು, ತೆಗೆದ ಮೇಲೆ ಇಂಡಿಕೇಟರ್ ಸರಿಯಾಯ್ತು. ಸಿಲಿಕೋನ್ ಹಚ್ಚಿ ಒಣಗಲು ಬಿಟ್ಟಿದ್ದೇನೆ. ವಾಪಸ್ ಕೂರಿಸುವಾಗ ಗಾಡಿಯ ಬಾಡಿಗೂ ಲೈಟಿಗೂ ನಡುವೆ ಇರುವ ಫೋಮಿಗೂ ಸಿಲಿಕೋನ್ ಹಚ್ಚಬೇಕಾ? ಅದು ಒಂದು ಕಡೆ ಹರಿದಿದೆ.

ಕರಾವಳಿ_ಗ್ಯಾರೇಜ್:
ಆ ಫೋಮ್ ಲೈಟಿನ ಒಳಗೆ ನೀರು ಬರದಂತೆ ತಡೆಯುವುದಲ್ಲ, ಡಿಕ್ಕಿಗೆ ಬರದಂತೆ ತಡೆಯುವುದು. ಹರಿದಿದ್ದರೆ ಬದಲಿಸಿ. ಸಿಲಿಕೋನ್ ಬಳಿದು ಕೂರಿಸಿದರೆ ಮುಂದಿನ ಸಲ ಬಲ್ಬ್ ಬದಲಿಸಲು ಲೈಟನ್ನು ಒಡೆದೇ ತೆಗೆಯಬೇಕಾದೀತು. ಕಂಪನಿಯ ಗ್ಯಾಸ್ಕೆಟ್ ಸಿಗದಿದ್ದರೆ 6 ಮಿ.ಮೀ. ದಪ್ಪದ, ನೀರು ಹೀರದ ಇಪಿಡಿಎಂ ರಬ್ಬರ್ ಫೋಮ್ ಪಟ್ಟಿ ತಂದು ಹಳೆಯದರ ಗುರುತಿನ ಮೇಲೇ ಅಂಟಿಸಿ. ಎರಡು ತುದಿ ಸೇರುವ ಜಾಗ ಕೆಳಗಡೆ ಬರಲಿ. ಸೋಫಾದ ಸ್ಪಾಂಜ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದು ಬೇಡ.

ನಟ್ಟು ಬಿಗಿಯುವಾಗ ಎಲ್ಲವನ್ನೂ ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಂದಾದ ಮೇಲೊಂದು. ಕೈಬಿಗಿಯ ನಂತರ ಕಾಲು ಸುತ್ತು ಸಾಕು. ಒಂದನ್ನೇ ಪೂರ್ತಿ ಬಿಗಿದರೆ ಹೌಸಿಂಗ್ ಬಾಗಿ ಈಗ ಮುಚ್ಚಿದ ಗೆರೆಯೇ ಮತ್ತೆ ಬಿಡುತ್ತದೆ. ಕೂರಿಸಿದ ಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ನೋಡಿ. ಫೋಮ್ ಹರಿದಿತ್ತು ಅಂದ ಮೇಲೆ ಅಲ್ಲೂ ನೀರು ನಿಂತಿರಬಹುದು. ಒರೆಸಿ, ತುಕ್ಕು ಶುರುವಾಗಿದೆಯಾ ನೋಡಿ. ವಾಟರ್ ವಾಶ್‌ಗೆ ಕೊಟ್ಟಾಗ ಪ್ರೆಷರ್ ಗನ್ನನ್ನು ಲೈಟಿನ ಅಂಚಿಗೆ ಹತ್ತಿರ ಹಿಡಿಯಬೇಡಿ, ಎರಡು ಅಡಿ ದೂರದಿಂದ ಹೊಡೆಯಿರಿ ಎಂದು ಹೇಳಿ.